ಮಗಳ ಮಂಡಿಗೆ ಪೆಟ್ಟಾದರೆ

(ಕಲಿಕಾ ಕೇಂದ್ರದ ಅಕ್ಕಂದಿರ ಮುಂದೆ ಆಡಿದ ಮಾತು)



ಇವತ್ತು ಮಂಡಿಯ ಬಗ್ಗೆ ಮಾತಾಡೋಣ. ಮಂಡಿ ಅಂದ ಕೂಡಲೇ ಹಿಂದೆ ಕೂತಿರುವ ಅಜ್ಜಿಯರು ನಕ್ಕರು. ‘ನಮ್ಮ ಮಂಡಿ ನೋವಿನ ಕಥೆ ಹೇಳ್ತಾಳೆ ಟೀಚರಮ್ಮ’ ಅಂದುಕೊಂಡಿರಬೇಕು. ಅದಲ್ಲ ಅಜ್ಜಿ. ನಿಮ್ಮದು ದುಡಿದು ದುಡಿದು ಸವೆದ ಮಂಡಿ. ಅದರ ಮಾತೇ ಬೇರೆ. ಇನ್ನೊಂದು ದಿನ ಅದಕ್ಕೇ ಕೂರೋಣ. ಇವತ್ತು ನಿಮ್ಮ ಮೊಮ್ಮಗಳ ಮಂಡಿ. ಆಟ ಆಡುವಾಗ ಪೆಟ್ಟಾಗುವ ಮಂಡಿ.

ನಮ್ಮ ಹೆಣ್ಣುಮಕ್ಕಳು ಈಗ ಆಡ್ತಾರೆ. ಕಬಡ್ಡಿ ಆಡ್ತಾರೆ, ಖೋ ಖೋ ಆಡ್ತಾರೆ, ವಾಲಿಬಾಲ್ ಆಡ್ತಾರೆ. ಆಟದಿಂದ ಏನು ಬಂತು ಅಂತ ಕೇಳಬೇಡಿ. ಕಾರ್ಕಳದ ಕಡೆ ಹೆರ್ಮುಂಡೆ ಅಂತ ಒಂದು ಹಳ್ಳಿ ಇದೆ. ಅಲ್ಲಿನ ಮಮತಾ ಪೂಜಾರಿ ಕಬಡ್ಡಿ ಆಡುತ್ತಲೇ ಭಾರತದ ತಂಡಕ್ಕೆ ಹೋದರು. 2010ರಲ್ಲಿ ಚೀನಾ ದೇಶದಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ಅಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. ರೈಲ್ವೆಯಲ್ಲಿ ಕೆಲಸವೂ ಸಿಕ್ಕಿತು. ಹಳ್ಳಿಯ ಹುಡುಗಿಗೆ ಆಟ ಅನ್ನ ಕೊಡಬಲ್ಲದು. ಹಾಗಾಗಿ ಆಡುವ ಕಾಲಿಗೆ ಪೆಟ್ಟಾದರೆ ಅದು ಸಣ್ಣ ವಿಷಯ ಅಲ್ಲ.

ಈಗ ಎಲ್ಲರೂ ಕಾಲು ಚಾಚಿ. ಮಂಡಿಯ ಮೇಲೆ ಅಂಗೈ ಇಡಿ. ಕೈಗೆ ದುಂಡಗೆ ಸಿಗುತ್ತಲ್ಲ, ಅದು ಚಿಪ್ಪು. ಚಿಪ್ಪಿನ ಹಿಂದೆ ಎರಡು ದೊಡ್ಡ ಮೂಳೆ ಸೇರುತ್ತವೆ. ಮೇಲಿನದು ತೊಡೆಯ ಮೂಳೆ. ಕೆಳಗಿನದು ಮೊಣಕಾಲಿನ ಮೂಳೆ. ಒಂದರ ಮೇಲೆ ಒಂದು ಸುಮ್ಮನೆ ಕೂತಿವೆ. ಒನಕೆಯ ಹಾಗೆ ಒರಳಿನೊಳಗೆ ಇಳಿದಿಲ್ಲ. ಮೇಲಿನದು ಜಾರಬಾರದು ಅಂದರೆ ಏನು ಬೇಕು? ಹಗ್ಗ ಬೇಕು. ಗಾಡಿಗೆ ಹೊರೆ ಹೇರಿ ಹಗ್ಗ ಬಿಗಿಯೋದಿಲ್ಲವಾ, ಹಾಗೆ.

ಮಂಡಿಗೆ ನಾಲ್ಕು ಮುಖ್ಯ ಹಗ್ಗ ಇವೆ. ಡಾಕ್ಟರು ಅದನ್ನು ಲಿಗಮೆಂಟ್ ಅಂತಾರೆ. ಎಡಕ್ಕೊಂದು, ಬಲಕ್ಕೊಂದು. ಇನ್ನೆರಡು ಮಂಡಿಯ ಒಳಗೇ ಇವೆ. ಅವು ಕತ್ತರಿಯ ಹಾಗೆ ಅಡ್ಡಡ್ಡ ಹಾದಿವೆ. ಅದರಲ್ಲಿ ಮುಂದಿನದಕ್ಕೆ ಎ.ಸಿ.ಎಲ್. ಅಂತ ಹೆಸರು. ಈ ಮೂರು ಅಕ್ಷರ ನೆನಪಿಡಿ. ಆಸ್ಪತ್ರೆ ಚೀಟಿಯಲ್ಲಿ ಕಾಣಿಸುತ್ತೆ. ಉದ್ದ ಎರಡು ಬೆರಳ ಅಗಲದಷ್ಟು. ದಪ್ಪ ಕಿರುಬೆರಳಷ್ಟು. ಇಷ್ಟು ಚಿಕ್ಕದು. ಆದರೆ ಓಡುವವಳು ಥಟ್ಟನೆ ತಿರುಗಿದಾಗ ಮಂಡಿ ಕಳಚದ ಹಾಗೆ ಹಿಡಿಯುವುದು ಇದೇ.

ಹಗ್ಗದ ಜೊತೆ ಮೆತ್ತೆಯೂ ಇದೆ. ಎರಡು ಮೂಳೆಯ ನಡುವೆ ಅರ್ಧ ಚಂದ್ರನ ಆಕಾರದ ಎರಡು ಮೆತ್ತೆ. ತಲೆ ಮೇಲೆ ಬಿಂದಿಗೆ ಇಟ್ಟುಕೊಳ್ಳುವಾಗ ನೀವು ಸಿಂಬೆ ಇಡ್ತೀರಲ್ಲ, ಅದರ ಕೆಲಸವೇ ಇದರ ಕೆಲಸ. ಭಾರ ಹಂಚುವುದು. ಸಿಂಬೆ ಹರಿದರೆ ತಲೆ ನೋಯುತ್ತೆ. ಮೆತ್ತೆ ಹರಿದರೆ ಮೂಳೆ ಸವೆಯುತ್ತೆ.

ಈ ಹಗ್ಗ ಹೇಗೆ ಹರಿಯುತ್ತೆ? ಯಾರೋ ಬಂದು ಗುದ್ದಿದರೆ ಹರಿಯುತ್ತೆ ಅಂತ ನಾವು ತಿಳಿದಿದ್ದೇವೆ. ಆದರೆ ಹೆಚ್ಚಿನ ಸಲ ಯಾರೂ ಮುಟ್ಟಿರೋದೇ ಇಲ್ಲ. ಹುಡುಗಿ ಓಡ್ತಾ ಇರುತ್ತಾಳೆ. ಪಾದ ನೆಲಕ್ಕೆ ಊರಿರುತ್ತೆ. ಮೈ ಮಾತ್ರ ಇನ್ನೊಂದು ಕಡೆ ತಿರುಗುತ್ತೆ. ಇಲ್ಲವೇ ಮೇಲಕ್ಕೆ ಜಿಗಿದು ಒಂದೇ ಕಾಲಿನ ಮೇಲೆ ಇಳಿಯುತ್ತಾಳೆ. ಒಳಗಿಂದ ‘ಟಪ್’ ಅಂತ ಶಬ್ದ ಬಂತು ಅಂತ ಎಷ್ಟೋ ಮಕ್ಕಳು ಹೇಳ್ತಾರೆ. ಕೂತುಬಿಡುತ್ತಾಳೆ. ಒಂದೆರಡು ಗಂಟೆಯೊಳಗೆ ಮಂಡಿ ಊದುತ್ತೆ. ಬೇಗ ಊದಿದರೆ ಒಳಗೆ ರಕ್ತ ಸುರಿದಿದೆ ಅಂತ ಅರ್ಥ. ಇದನ್ನು ಗಟ್ಟಿಯಾಗಿ ನೆನಪಿಡಿ.

ಹುಡುಗರಿಗಿಂತ ಹುಡುಗಿಯರಿಗೆ ಇದು ಹೆಚ್ಚು. ಒಂದೇ ಆಟ ಆಡಿದರೂ ಹೆಣ್ಣುಮಕ್ಕಳಲ್ಲಿ ಎರಡು ಪಟ್ಟು, ಕೆಲವು ಆಟಗಳಲ್ಲಿ ಇನ್ನೂ ಹೆಚ್ಚು. ‘ನೋಡಿ, ದೇವರೇ ಹೆಣ್ಣಿಗೆ ಆಟ ಬೇಡ ಅಂದಿದ್ದಾನೆ’ ಅಂತ ಯಾರಾದರೂ ಹೇಳಬಹುದು. ಹಾಗೇನೂ ಇಲ್ಲ. ಜಿಗಿದು ಇಳಿಯುವಾಗ ಹುಡುಗಿಯರ ಮಂಡಿ ಒಳಕ್ಕೆ ವಾಲುವುದು ಹೆಚ್ಚು. ಮಂಡಿ ಬಗ್ಗಿಸದೆ ಕಾಲು ನೆಟ್ಟಗೆ ಇಟ್ಟು ಇಳಿಯುತ್ತಾರೆ. ತೊಡೆಯ ಹಿಂದಿನ ಮಾಂಸಖಂಡಕ್ಕೆ ಸಾಕಷ್ಟು ಬಲ ಇರೋದಿಲ್ಲ. ಇದನ್ನು ಕಲಿಸಿ ಸರಿ ಮಾಡಬಹುದು. ನಾರ್ವೆ ಅನ್ನೋ ದೇಶದಲ್ಲಿ 13ರಿಂದ 17 ವರ್ಷದ ಹುಡುಗಿಯರ ಫುಟ್‌ಬಾಲ್ ತಂಡಗಳಲ್ಲಿ ಪರೀಕ್ಷೆ ಮಾಡಿ ನೋಡಿದರು. ಆಟಕ್ಕೆ ಮುಂಚೆ ಇಪ್ಪತ್ತು ನಿಮಿಷ ಓಟ, ಬಸ್ಕಿ, ಒಂಟಿ ಕಾಲಲ್ಲಿ ನಿಲ್ಲುವುದು, ಸರಿಯಾಗಿ ಜಿಗಿದು ಇಳಿಯುವುದು, ಇಷ್ಟನ್ನು ಕಲಿಸಿದರು. 2008ರಲ್ಲಿ ಅದರ ಫಲ ಪ್ರಕಟವಾಯಿತು. ಪೆಟ್ಟು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಗಿತ್ತು. ದುಡ್ಡು ಬೇಕಿಲ್ಲ, ಸಾಮಾನು ಬೇಕಿಲ್ಲ. ಮೇಷ್ಟ್ರು ಮನಸ್ಸು ಮಾಡಬೇಕು, ಅಷ್ಟೇ. ನಮ್ಮ ಶಾಲೆಗಳಲ್ಲಿ ವಿಷಲ್ ಊದಿದ ಕೂಡಲೇ ಆಟ ಶುರು. ಇದು ನನಗೆ ಸರಿ ಕಾಣೋದಿಲ್ಲ. ನೀವು ಶಾಲೆಯ ಸಭೆಗೆ ಬಂದಾಗ ಬಿಸಿಯೂಟದ ಬಗ್ಗೆ ಕೇಳ್ತೀರಿ. ಇದನ್ನೂ ಕೇಳಿ.

ಪೆಟ್ಟಾಯಿತು ಅಂತ ಇಟ್ಟುಕೊಳ್ಳಿ. ಮೊದಲು ಏನು ಮಾಡಬೇಕು? ಆಟ ನಿಲ್ಲಿಸಬೇಕು. ‘ಇನ್ನೊಂದು ರೈಡ್ ಮಾಡಿ ಬಾ’ ಅನ್ನಬಾರದು. ಐಸು ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಡಿ. ಐಸನ್ನು ನೇರ ಚರ್ಮಕ್ಕೆ ಒತ್ತಬೇಡಿ. ಐಸಿಲ್ಲದಿದ್ದರೆ ತಣ್ಣೀರ ಬಟ್ಟೆ. ಔಷಧಿ ಅಂಗಡಿಯಲ್ಲಿ ಕ್ರೇಪ್ ಬ್ಯಾಂಡೇಜ್ ಸಿಗುತ್ತೆ. ಅದನ್ನು ಹದವಾಗಿ ಸುತ್ತಿ. ಬೆರಳು ಜೋಮು ಹಿಡಿಯುವಷ್ಟು ಬಿಗಿ ಬೇಡ. ಕಾಲನ್ನು ದಿಂಬಿನ ಮೇಲೆ ಎತ್ತಿಡಿ.

ಎಣ್ಣೆ ಕಾಯಿಸಿ ನೀವಬೇಡಿ. ಬಿಸಿ ಶಾಖ ಬೇಡ. ಕಾಲು ಹಿಡಿದು ಎಳೆದು ಉಳುಕು ತೆಗೆಯಬೇಡಿ. ಇದು ಹೇಳಿದರೆ ಹಿರಿಯರಿಗೆ ಬೇಸರ ಆಗುತ್ತೆ, ನನಗೆ ಗೊತ್ತು. ಒಳಗೆ ರಕ್ತ ಸುರಿಯುತ್ತಿರುವಾಗ ಬಿಸಿ ಮಾಡಿ ಉಜ್ಜಿದರೆ ರಕ್ತ ಇನ್ನಷ್ಟು ಸುರಿಯುತ್ತೆ. ಅದಕ್ಕೇ ಬೇಡ ಅನ್ನೋದು.

ನಮ್ಮ ಕಡೆ ಕಟ್ಟು ಕಟ್ಟುವವರು ಇದ್ದಾರೆ. ಆಂಧ್ರದ ಪುತ್ತೂರಿಗೆ ಹೋಗಿ ಕಟ್ಟು ಹಾಕಿಸಿಕೊಂಡು ಬರುವವರೂ ಇದ್ದಾರೆ. ಅದು ಮುರಿದ ಮೂಳೆಯ ಮಾತು. ಅಲ್ಲೂ ಮೊದಲು ಎಕ್ಸ್‌ರೇ ತೆಗೆಸಿ ಅಂತಲೇ ನಾನು ಹೇಳೋದು. ಮೂಳೆ ಮುರಿದರೆ ಆ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತೆ. ಆ ಹೆಪ್ಪಿನ ಮೇಲೆ ಹೊಸ ಮೂಳೆ ಬೆಳೆದು ಕೂಡಿಕೊಳ್ಳುತ್ತೆ. ಮಂಡಿಯೊಳಗಿನ ಹಗ್ಗದ ಕಥೆ ಹಾಗಲ್ಲ. ಅಲ್ಲಿ ಲೋಳೆಯಂಥ ನೀರು ಇದೆ. ಕೀಲಿಗೆ ಎಣ್ಣೆ ಇದ್ದ ಹಾಗೆ. ಆ ನೀರು ಹೆಪ್ಪನ್ನು ನಿಲ್ಲಲು ಬಿಡೋದಿಲ್ಲ. ಹರಿದ ತುದಿಗಳು ದೂರ ದೂರ ಆಗ್ತವೆ. ಹೀಗಾಗಿ ಪೂರ್ತಿ ಹರಿದದ್ದು ಸಾಮಾನ್ಯವಾಗಿ ತಾನೇ ಕೂಡೋದಿಲ್ಲ. ಹೊರಗಿಂದ ಎಷ್ಟು ಬಿಗಿಯಾಗಿ ಕಟ್ಟಿದರೂ ಒಳಗಿನ ಹಗ್ಗಕ್ಕೆ ಅದು ತಲುಪೋದಿಲ್ಲ.

ಇಲ್ಲಿ ಒಂದು ಮೋಸ ಇದೆ. ಮೂರು ನಾಲ್ಕು ವಾರಕ್ಕೆ ಊತ ಇಳಿಯುತ್ತೆ. ಹುಡುಗಿ ನಡೆಯುತ್ತಾಳೆ. ಎಲ್ಲರೂ ‘ವಾಸಿ ಆಯ್ತು’ ಅಂತಾರೆ. ಎಕ್ಸ್‌ರೇ ತೆಗೆಸಿದರೂ ‘ಏನೂ ಇಲ್ಲ’ ಅಂತ ಬರಬಹುದು. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತೆ, ಹಗ್ಗ ಕಾಣೋದಿಲ್ಲ. ಹಗ್ಗ ಕಾಣಬೇಕಾದರೆ ಎಂ.ಆರ್.ಐ. ಅನ್ನೋ ಸ್ಕ್ಯಾನ್ ಬೇಕು. ಅದಕ್ಕೂ ಮುಂಚೆ ಪಳಗಿದ ಮೂಳೆ ಡಾಕ್ಟರು ಕೈಯಿಂದಲೇ ಹೇಳಬಲ್ಲರು. ಮಂಡಿ ಸ್ವಲ್ಪ ಬಗ್ಗಿಸಿ, ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆದು ನೋಡುತ್ತಾರೆ. ಹಗ್ಗ ಇದ್ದರೆ ಟಕ್ಕನೆ ನಿಲ್ಲುತ್ತೆ. ಇಲ್ಲದಿದ್ದರೆ ಜಾರುತ್ತೆ.

ನಾನು ಮೊದಲು ಕೆಲಸ ಮಾಡುತ್ತಿದ್ದ ಊರಿನಲ್ಲಿ ಒಬ್ಬ ಹುಡುಗಿ ಇದ್ದಳು. ಹೆಸರು ಹೇಳೋದಿಲ್ಲ. ಮದುವೆಗೆ ಬರುವ ಹುಡುಗಿ, ಊರ ಬಾಯಿಗೆ ಯಾಕೆ ಕೊಡಲಿ. ಹತ್ತನೇ ಕ್ಲಾಸಿನಲ್ಲಿದ್ದಳು. ಕಬಡ್ಡಿಯಲ್ಲಿ ರೈಡ್ ಮಾಡಲು ಹೋದರೆ ಎದುರು ತಂಡದವರು ಹಿಂದೆ ಸರಿಯುತ್ತಿದ್ದರು. ತಾಲ್ಲೂಕು ಮಟ್ಟದ ಆಟದಲ್ಲಿ ಮಂಡಿ ಹೋಯಿತು. ಅಜ್ಜಿ ಎಣ್ಣೆ ಹಚ್ಚಿದರು. ಪಕ್ಕದೂರಿನಲ್ಲಿ ಕಟ್ಟು ಕಟ್ಟಿಸಿದರು. ಊತ ಇಳಿಯಿತು. ಐದು ತಿಂಗಳು ಹಾಗೇ ಕಳೆಯಿತು. ನೆಟ್ಟಗೆ ನಡೆದರೆ ಏನೂ ಇಲ್ಲ. ತಿರುಗಿದರೆ ಮಾತ್ರ ಕಾಲು ಕೈಕೊಡುತ್ತಿತ್ತು. ಒಂದು ದಿನ ನೀರಿನ ಕೊಡ ಹೊತ್ತು ಮೆಟ್ಟಿಲು ಇಳಿಯುವಾಗ ಮಂಡಿ ಜಾರಿ ಬಿದ್ದಳು. ಇನ್ನೊಂದು ದಿನ ಹಟ್ಟಿಯಲ್ಲಿ. ಆಮೇಲೆ ಮಂಡಿ ಆಗಾಗ ಸಿಕ್ಕಿಹಾಕಿಕೊಳ್ಳಲು ಶುರುವಾಯಿತು. ಚಿಲಕ ಬಿದ್ದ ಹಾಗೆ. ಸ್ವಲ್ಪ ಹೊತ್ತು ನೇರವೇ ಆಗುತ್ತಿರಲಿಲ್ಲ.

ಜಿಲ್ಲಾ ಆಸ್ಪತ್ರೆಗೆ ಹೋದರು. ಹಗ್ಗ ಹರಿದಿದೆ ಅಂದರು. ಆಮೇಲೆ ಬಿದ್ದಾಗ ಮೆತ್ತೆಯೂ ಹರಿದಿದೆ ಅಂದರು. ಹಗ್ಗ ಇಲ್ಲದ ಮಂಡಿ ಪ್ರತಿ ಸಲ ಜಾರುವಾಗಲೂ ಮೆತ್ತೆಯನ್ನು ಅರೆಯುತ್ತೆ. ತಡ ಮಾಡಿದ್ದರ ಬೆಲೆ ಅದು.

ಅಪ್ಪ ಹೇಳಿದ್ದು ಒಂದೇ ಮಾತು: ‘ಸಾಕು. ಇನ್ನು ಆಟ ಬೇಡ. ಆಪರೇಷನ್ನೂ ಬೇಡ. ಹೆಣ್ಣುಮಗಳ ಕಾಲು ಕುಯ್ಯಿಸಿ ಮೂಲೆಗೆ ಕೂರಿಸಲಾ?’ ಆ ಭಯ ಸುಳ್ಳಲ್ಲ. ನಮ್ಮ ಕಣ್ಣಿಗೆ ಮಂಡಿ ಆಪರೇಷನ್ ಅಂದರೆ ಒಂದು ಗೇಣು ಉದ್ದದ ಗಾಯ. ಹಿಂದೆ ಹಾಗೇ ಇತ್ತು. ಮಂಡಿ ತೆರೆದು ನೋಡಬೇಕಿತ್ತು. ಈಗ ದೂರದಿಂದಲೇ ಇಣುಕಿ ನೋಡುತ್ತಾರೆ.

ಈ ಇಣುಕುವ ವಿದ್ಯೆ ಬೆಳೆದ ಕಥೆ ಸ್ವಾರಸ್ಯವಾಗಿದೆ. ಜಪಾನ್ ದೇಶದಲ್ಲಿ ತಕಾಗಿ ಅನ್ನೋ ಡಾಕ್ಟರು ಇದ್ದರು. ಅಲ್ಲಿನ ಜನರೂ ನಮ್ಮ ಹಾಗೆ ನೆಲದ ಮೇಲೆ ಕೂರುವವರು. ಆಗ ಮಂಡಿಗೆ ಕ್ಷಯರೋಗ ಬಂದು ಕಾಲು ಮರದ ಹಾಗೆ ಸೆಟೆದುಕೊಳ್ಳುತ್ತಿತ್ತು. ಮಂಡಿ ಮಡಚಲು ಬಾರದವರು ಆ ದೇಶದಲ್ಲಿ ನಾಲ್ಕು ಜನರ ನಡುವೆ ಕೂರುವುದೇ ಕಷ್ಟ. ರೋಗವನ್ನು ಬೇಗ ಕಂಡುಹಿಡಿಯಬೇಕು ಅಂತ ತಕಾಗಿ ಯೋಚನೆ ಮಾಡಿದರು. ಮೂತ್ರಕೋಶದ ಒಳಗೆ ನೋಡುವ ಒಂದು ಕೊಳವೆ ಆಗಲೇ ಇತ್ತು. 1918ರಲ್ಲಿ ಅದೇ ಕೊಳವೆಯನ್ನು ಸತ್ತವರ ಮಂಡಿಯೊಳಗೆ ಹಾಕಿ ನೋಡಿದರು. ಅವರ ಶಿಷ್ಯ ವತನಾಬೆ ಆ ಕೊಳವೆಯನ್ನು ಸುಧಾರಿಸಿದರು. 1962ರಲ್ಲಿ ಅದರ ಸಹಾಯದಿಂದಲೇ ಹರಿದ ಮೆತ್ತೆಯ ಚೂರನ್ನು ತೆಗೆದರು. ಈಗ ಲೋಕವೆಲ್ಲ ಅದನ್ನೇ ಮಾಡುತ್ತೆ. ಇದಕ್ಕೆ ಆರ್ತ್ರೋಸ್ಕೋಪಿ ಅಂತ ಹೆಸರು. ಬಾಯಿಗೆ ಬರದಿದ್ದರೆ ‘ತೂತಿನ ಆಪರೇಷನ್’ ಅನ್ನಿ. ಆಸ್ಪತ್ರೆಯಲ್ಲಿ ಅರ್ಥ ಆಗುತ್ತೆ.

ಹೇಗೆ ಮಾಡುತ್ತಾರೆ? ಬೆನ್ನಿಗೆ ಒಂದು ಇಂಜೆಕ್ಷನ್ ಕೊಡುತ್ತಾರೆ. ಸಿಸೇರಿಯನ್ ಆದವರಿಗೆ ಗೊತ್ತು, ಅದೇ ಇಂಜೆಕ್ಷನ್. ಸೊಂಟದಿಂದ ಕೆಳಗೆ ಜೋಮು ಹಿಡಿಯುತ್ತೆ. ಮಂಡಿಯ ಮುಂದೆ ಎರಡು ಮೂರು ತೂತು ಮಾಡುತ್ತಾರೆ. ಒಂದೊಂದೂ ಒಂದು ಸೆಂಟಿಮೀಟರಿಗಿಂತ ಚಿಕ್ಕದು. ಒಂದು ತೂತಿನಲ್ಲಿ ಸಣ್ಣ ಕೊಳವೆ ಹೋಗುತ್ತೆ. ದಪ್ಪ ನಾಲ್ಕು ಮಿಲಿಮೀಟರು, ಪೆನ್ಸಿಲಿಗಿಂತ ಸಪೂರ. ಅದಕ್ಕೆ ದೀಪವೂ ಇದೆ, ಕ್ಯಾಮೆರಾವೂ ಇದೆ. ಒಳಗಿನದೆಲ್ಲ ಟಿ.ವಿ.ಯಲ್ಲಿ ಕಾಣುತ್ತೆ. ಉಪ್ಪುನೀರು ಹರಿಸಿ ಮಂಡಿಯನ್ನು ಉಬ್ಬಿಸಿ, ತೊಳೆದು, ಜಾಗ ಮಾಡಿಕೊಳ್ಳುತ್ತಾರೆ. ಇನ್ನೊಂದು ತೂತಿನಲ್ಲಿ ಸಣ್ಣ ಕತ್ತರಿ, ಸಣ್ಣ ಇಕ್ಕಳ, ಹೊಲಿಯುವ ಸೂಜಿ.

ಮೆತ್ತೆ ಹರಿದಿದ್ದರೆ ಆದಷ್ಟೂ ಹೊಲಿಯುತ್ತಾರೆ. ಹೊಲಿಯಲು ಬಾರದಷ್ಟು ಚಿಂದಿ ಆಗಿದ್ದರೆ ಆ ಚೂರನ್ನು ಮಾತ್ರ ಕತ್ತರಿಸಿ ತೆಗೆಯುತ್ತಾರೆ. ಹಗ್ಗವನ್ನು ಮಾತ್ರ ಹೆಚ್ಚಿನ ಸಲ ಹೊಲಿಯಲು ಆಗೋದಿಲ್ಲ. ಸೀಳಿಹೋದ ತೆಂಗಿನ ನಾರಿನ ಹಾಗೆ ಆಗಿರುತ್ತೆ. ಹೊಸ ಹಗ್ಗವನ್ನೇ ಹಾಕಬೇಕು. ಎಲ್ಲಿಂದ ತರುತ್ತಾರೆ? ಅವಳ ಮೈಯಿಂದಲೇ. ಮಂಡಿಯ ಹಿಂಬದಿ ಮುಟ್ಟಿ ನೋಡಿ. ಎರಡು ಕಡೆ ತಂತಿಯ ಹಾಗೆ ಗಟ್ಟಿ ನರ ಸಿಗುತ್ತೆ. ಅದು ರಕ್ತದ ನರ ಅಲ್ಲ, ಮಾಂಸಖಂಡದ ತುದಿ. ಒಳಬದಿಯಿಂದ ಒಂದೆರಡನ್ನು ತೆಗೆದು, ಮಡಿಸಿ, ಹೊಸೆದು ಹಗ್ಗ ಮಾಡುತ್ತಾರೆ. ಅದನ್ನು ತೆಗೆಯಲು ಇನ್ನೊಂದು ಚಿಕ್ಕ ಗಾಯ ಮಾಡಬೇಕಾಗುತ್ತೆ. ಎರಡೂ ಮೂಳೆಯಲ್ಲಿ ಸುರಂಗ ಕೊರೆದು, ಹಗ್ಗ ತೂರಿಸಿ, ತಿರುಪು ಹಾಕಿ ಬಿಗಿಯುತ್ತಾರೆ. ಒಂದು, ಒಂದೂವರೆ ಗಂಟೆಯ ಕೆಲಸ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆಗೆ ಕಳಿಸುತ್ತಾರೆ.

ಎಲ್ಲರಿಗೂ ಆಪರೇಷನ್ ಬೇಕೇ? ಬೇಡ. ಇದನ್ನೂ ಹೇಳಲೇಬೇಕು. ಸ್ವೀಡನ್ ದೇಶದಲ್ಲಿ ಹಗ್ಗ ಹರಿದ 121 ಮಂದಿ ಯುವಕ ಯುವತಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬೇಗ ಆಪರೇಷನ್. ಇನ್ನೊಂದು ಗುಂಪಿಗೆ ಮೊದಲು ಬರೀ ವ್ಯಾಯಾಮ, ಬೇಕಾದರೆ ಮಾತ್ರ ಆಮೇಲೆ ಆಪರೇಷನ್. ಐದು ವರ್ಷ ಕಳೆದ ಮೇಲೂ ಎರಡನೇ ಗುಂಪಿನ ಸುಮಾರು ಅರ್ಧ ಜನಕ್ಕೆ ಆಪರೇಷನ್ ಬೇಕಾಗಲೇ ಇಲ್ಲ. ಎರಡೂ ಗುಂಪಿನ ಮಂಡಿ ಹೆಚ್ಚು ಕಡಿಮೆ ಒಂದೇ ಥರ ಇದ್ದವು. ಮನೆ ಕೆಲಸ, ಹೊಲದ ಕೆಲಸಕ್ಕೆ ಮಂಡಿ ಜಾರದೆ ನಿಂತರೆ ವ್ಯಾಯಾಮವೇ ಸಾಕಾಗಬಹುದು. ಥಟ್ಟನೆ ತಿರುಗುವ, ಜಿಗಿಯುವ ಆಟಕ್ಕೆ ಮತ್ತೆ ಹೋಗಬೇಕು ಅಂದರೆ, ಮಂಡಿ ಪದೇ ಪದೇ ಕೈಕೊಟ್ಟರೆ, ಮೆತ್ತೆ ಸಿಕ್ಕಿಹಾಕಿಕೊಂಡಿದ್ದರೆ, ಆಗ ಆಪರೇಷನ್ ಮಾತು. ಯಾವ ಡಾಕ್ಟರಾದರೂ ಮೊದಲ ದಿನವೇ ‘ನಾಳೆ ಅಡ್ಮಿಟ್ ಆಗಿ’ ಅಂದರೆ ‘ವ್ಯಾಯಾಮದಲ್ಲಿ ಆಗುತ್ತಾ ಸಾರ್?’ ಅಂತ ಕೇಳಿ. ಕೇಳಿದರೆ ತಪ್ಪಿಲ್ಲ.

ಆ ಹುಡುಗಿಗೆ ಪರೀಕ್ಷೆ ಮುಗಿದ ಮೇಲೆ ಆಪರೇಷನ್ ಆಯಿತು. ಹಗ್ಗ ಹಾಕಿದರು. ಮೆತ್ತೆಯ ಒಂದು ಚೂರು ತೆಗೆದರು. ಅಪ್ಪ ಒಪ್ಪಿದ್ದು ತಾಯಿಯಿಂದ. ತಾಯಿ ಆ ಊರಿನ ಕೇಂದ್ರದಲ್ಲಿ ಅಕ್ಷರ ಕಲಿತವರು. ನಿಮ್ಮ ಹಾಗೇ ನಲವತ್ತು ದಾಟಿದ ಮೇಲೆ. ಮನೆಗೆ ಕಳಿಸುವಾಗ ಆಸ್ಪತ್ರೆಯವರು ಇಂಗ್ಲಿಷಿನಲ್ಲಿ ಚೀಟಿ ಕೊಟ್ಟರು. ಆಯಮ್ಮ ಫಿಸಿಯೋಥೆರಪಿ ಮಾಡಿಸುವ ಹುಡುಗಿಗೆ ಹೇಳಿದರು: ‘ತಾಯಿ, ನನಗೆ ಕನ್ನಡದಲ್ಲಿ ಬರೆದುಕೊಡವ್ವ. ದೊಡ್ಡ ಅಕ್ಷರದಲ್ಲಿ.’ ಆ ಹುಡುಗಿ ನಗುತ್ತಾ ಬರೆದುಕೊಟ್ಟಳು. ಚಿತ್ರವನ್ನೂ ಹಾಕಿದಳು. ಕೊನೆಯ ಸಾಲು: 9 ತಿಂಗಳು ಆಟ ಬೇಡ.

ಫಿಸಿಯೋಥೆರಪಿ ಅಂದರೆ ಮಾಂಸಖಂಡಕ್ಕೂ ಕೀಲಿಗೂ ಮತ್ತೆ ಪಾಠ ಹೇಳುವುದು. ಆಪರೇಷನ್ ಒಂದೂವರೆ ಗಂಟೆ. ಪಾಠ ಒಂಬತ್ತು ತಿಂಗಳು. ನನ್ನ ಕೇಳಿದರೆ ಇದೇ ದೊಡ್ಡ ಚಿಕಿತ್ಸೆ. ನಮ್ಮ ಜನ ಆಪರೇಷನ್ನಿಗೆ ಸಾಲ ಮಾಡುತ್ತಾರೆ. ವ್ಯಾಯಾಮಕ್ಕೆ ಮಾತ್ರ ಎರಡು ಸಲ ಹೋಗಿ ಬಿಟ್ಟುಬಿಡುತ್ತಾರೆ. ಬಿತ್ತಿ ನೀರು ಹಾಯಿಸದೆ ಬಿಟ್ಟ ಹಾಗೆ.

ಮೊದಲ ವಾರಗಳಲ್ಲಿ ಎರಡೇ ಗುರಿ. ಊತ ಇಳಿಯಬೇಕು, ಕಾಲು ಪೂರ್ತಿ ನೇರ ಆಗಬೇಕು. ನೋವಾಗುತ್ತೆ ಅಂತ ಮಂಡಿ ಕೆಳಗೆ ದಿಂಬಿಟ್ಟು ಮಲಗಿಸುತ್ತೇವೆ. ಅದು ಸಲ್ಲದು. ಕಾಲು ಬಗ್ಗಿದ ಹಾಗೇ ಸೆಟೆದುಕೊಳ್ಳುತ್ತೆ. ದಿಂಬನ್ನು ಹಿಮ್ಮಡಿ ಕೆಳಗೆ ಇಡಿ. ಒಂದು ಟವೆಲ್ ಸುರುಳಿ ಸುತ್ತಿ ಮಂಡಿ ಕೆಳಗೆ ಇಟ್ಟು, ಅದನ್ನು ಒತ್ತಿ, ಐದು ಎಣಿಸಿ, ಬಿಡುವುದು. ವ್ಯಾಯಾಮದ ಹೊತ್ತಿಗೆ ಮಾತ್ರ ಟವೆಲ್. ಆಮೇಲೆ ಕಾಲನ್ನು ನೆಟ್ಟಗೆ ಒಂದು ಗೇಣು ಎತ್ತುವುದು. ಹಿಮ್ಮಡಿಯನ್ನು ಚಾಪೆಯ ಮೇಲೆ ಎಳೆಯುತ್ತಾ ಮಂಡಿ ಮಡಚುವುದು. ಊರುಗೋಲಿನಲ್ಲಿ ನಡೆಯುವುದು. ಎಷ್ಟು ಸಲ, ಯಾವಾಗ ಅನ್ನೋದನ್ನು ಅವರೇ ಹೇಳುತ್ತಾರೆ. ಮೆತ್ತೆಗೆ ಹೊಲಿಗೆ ಹಾಕಿದ್ದರೆ ಭಾರ ಊರುವ ಲೆಕ್ಕ, ಮಡಚುವ ಲೆಕ್ಕ ಬೇರೆಯಾಗುತ್ತೆ. ಪಕ್ಕದ ಮನೆಯವರ ಲೆಕ್ಕ ನಿಮಗೆ ಬೇಡ.

ಆಮೇಲೆ ಬಲ ಬರಿಸುವ ಕೆಲಸ. ಜಗಲಿ ಮೆಟ್ಟಿಲು ಹತ್ತುವುದು, ಇಳಿಯುವುದು. ಬಟ್ಟೆ ಚೀಲಕ್ಕೆ ಮರಳು ತುಂಬಿ ಪಾದಕ್ಕೆ ಕಟ್ಟಿ ಎತ್ತುವುದು. ಒಂಟಿ ಕಾಲಿನಲ್ಲಿ ನಿಲ್ಲುವುದು. ಮೂರು ನಾಲ್ಕು ತಿಂಗಳಿಗೆ ಮೆಲ್ಲಗೆ ಓಟ. ನಂತರ ಜಿಗಿತ. ಕಡೆಗೆ ತಿರುಗುವುದು.

ಆಪರೇಷನ್ ಆದ ಕಾಲು ಒಣಗಿದ ಹಾಗೆ ತೆಳ್ಳಗಾಗುತ್ತೆ. ಹೆದರಬೇಡಿ. ಅನ್ನದ ಜೊತೆ ಕಾಳು, ಮೊಟ್ಟೆ, ಹಾಲು, ರಾಗಿ ಕೊಡಿ. ಹೆಣ್ಣುಮಗಳಿಗೆ ಕಡೆಯಲ್ಲಿ ಉಳಿದದ್ದು ಬಡಿಸುವ ಅಭ್ಯಾಸ ಆ ಒಂಬತ್ತು ತಿಂಗಳಾದರೂ ಬಿಡಿ.

ಒಂಬತ್ತು ತಿಂಗಳು ಯಾಕೆ? ಅದರ ಒಳಗುಟ್ಟು ಇದು. ಹೊಸದಾಗಿ ಹಾಕಿದ ಹಗ್ಗಕ್ಕೆ ಮೊದಮೊದಲು ರಕ್ತ ಸಂಚಾರ ಇರೋದಿಲ್ಲ. ಮೊದಲ ಕೆಲವು ತಿಂಗಳಲ್ಲಿ ಅದು ಬಲಗುಂದುತ್ತೆ. ಆಮೇಲೆ ಮೆಲ್ಲಗೆ ಮೈಯ ಭಾಗವಾಗಿ ಗಟ್ಟಿಯಾಗುತ್ತೆ. ಹುಡುಗಿಗೆ ನೋವು ಹೋಗಿ ‘ನಾನು ಹುಷಾರು’ ಅನ್ನಿಸುವುದೂ, ಹಗ್ಗ ಇನ್ನೂ ಎಳಸಾಗಿರುವುದೂ ಒಂದೇ ಕಾಲ. ನಾರ್ವೆಯಲ್ಲೇ ಮಾಡಿದ ಇನ್ನೊಂದು ಪರೀಕ್ಷೆಯ ಫಲ 2016ರಲ್ಲಿ ಬಂತು. ಒಂಬತ್ತು ತಿಂಗಳಾಗುವವರೆಗೆ, ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಷ್ಟೂ ಮತ್ತೆ ಪೆಟ್ಟಾಗುವುದು ಅರ್ಧರ್ಧ ಕಡಿಮೆ.

ಐದನೇ ತಿಂಗಳು ಕಾಲೇಜಿನವರು ಆ ಹುಡುಗಿಯ ಮನೆಗೆ ಬಂದರು. ಆಗ ಅವಳು ಪಿ.ಯು.ಸಿ. ಸೇರಿದ್ದಳು. ತಾಲ್ಲೂಕು ಮಟ್ಟದ ಆಟ ಇತ್ತು. ‘ಒಂದೇ ಒಂದು ಮ್ಯಾಚ್. ಮಂಡಿಗೆ ಪಟ್ಟಿ ಹಾಕಿಕೊಂಡು ಆಡಲಿ’ ಅಂದರು. ಹುಡುಗಿ ಬೂಟು ಹುಡುಕಲು ಒಳಗೆ ಹೋದಳು. ಅಪ್ಪನಿಗೂ ಮನಸ್ಸಾಯಿತು. ಊರಿಗೆ ಹೆಸರು ಬರುತ್ತೆ ಅಂತ. ಬೇಡ ಬೇಡ ಅಂದವರೇ ಈಗ ಆಡಲಿ ಅನ್ನುವವರು! ತಾಯಿ ಒಳಗಿಂದ ಚೀಟಿ ತಂದರು. ಬೆರಳಿಟ್ಟು ಓದಿದರು. ಒಂದೊಂದೇ ಅಕ್ಷರ ಕೂಡಿಸಿ. ‘ಒಂಬತ್ತು ತಿಂಗಳು ಆಟ ಬೇಡ. ಇದು ಐದನೆಯದು ಸ್ವಾಮಿ. ಇನ್ನು ನಾಲ್ಕು ಬಿಟ್ಟು ಬನ್ನಿ’ ಅಂದರು. ಬಂದವರು ಕಾಫಿ ಕುಡಿದು ಹೋದರು. ಹುಡುಗಿ ಎರಡು ದಿನ ತಾಯಿಯ ಹತ್ತಿರ ಮಾತಾಡಲಿಲ್ಲ. ವ್ಯಾಯಾಮ ಮಾತ್ರ ಬಿಡಲಿಲ್ಲ. ತಾಯಿ ಹಳೇ ನೋಟ್ ಪುಸ್ತಕದಲ್ಲಿ ದಿನಾ ಗೆರೆ ಹಾಕಿ ಲೆಕ್ಕ ಇಡುತ್ತಿದ್ದರು.

ಒಂಬತ್ತು ತಿಂಗಳಾದ ಮೇಲೂ ಸುಮ್ಮನೆ ಬಿಡಲಿಲ್ಲ. ಒಂಟಿ ಕಾಲಿನಲ್ಲಿ ಕುಪ್ಪಳಿಸಿ ಎಷ್ಟು ದೂರ ಹೋಗುತ್ತಾಳೆ ಅಂತ ಅಳೆದರು. ನೆಟ್ಟಗಿರುವ ಕಾಲು ಹತ್ತು ಅಡಿ ಹೋದರೆ, ಆಪರೇಷನ್ ಆದ ಕಾಲು ಒಂಬತ್ತು ಅಡಿಯಾದರೂ ಹೋಗಬೇಕು. ಮೊದಲ ಸಲ ಆಗಲಿಲ್ಲ. ಇನ್ನೊಂದು ತಿಂಗಳು ಕಾದರು. ಈಗ ಎರಡನೇ ಪಿ.ಯು.ಸಿ. ಆಡುತ್ತಾಳೆ. ರೈಡ್ ಮಾಡುವುದು ಕಡಿಮೆ ಮಾಡಿದ್ದಾಳೆ. ಮೂಲೆಯಲ್ಲಿ ನಿಂತು ಹಿಡಿಯುತ್ತಾಳೆ. ಮೊದಲಿನ ವೇಗ ಪೂರ್ತಿ ಬಂದಿಲ್ಲ ಅಂತ ಅವಳೇ ಹೇಳುತ್ತಾಳೆ. ಆಪರೇಷನ್ ಆದವರೆಲ್ಲ ಹಳೆಯ ಮಟ್ಟಕ್ಕೆ ಮರಳುವುದಿಲ್ಲ. ಇದನ್ನು ಮುಚ್ಚಿಡಬಾರದು.

ಮರಳಿದವರೂ ಇದ್ದಾರೆ. ಹರಿಯಾಣದ ವಿನೇಶ್ ಫೋಗಟ್ ಹೆಸರು ಕೇಳಿದ್ದೀರಿ. ಕುಸ್ತಿ ಆಡುವ ಹೆಣ್ಣುಮಗಳು. 2016ರಲ್ಲಿ ರಿಯೋ ಒಲಿಂಪಿಕ್ಸಿನಲ್ಲಿ ಮಂಡಿ ಹೋಗಿ ಸ್ಟ್ರೆಚರಿನ ಮೇಲೆ ಹೊತ್ತು ತಂದರು. ಆಪರೇಷನ್ ಆಯಿತು. 2018ರಲ್ಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ಆ ಕೂಟದ ಕುಸ್ತಿಯಲ್ಲಿ ಚಿನ್ನ ಗೆದ್ದ ಮೊದಲ ಭಾರತೀಯ ಮಹಿಳೆ. 2023ರ ಆಗಸ್ಟ್‌ನಲ್ಲಿ ಮತ್ತೆ ಮಂಡಿಗೆ ಆಪರೇಷನ್. ಒಂದು ವರ್ಷ ಕಳೆಯುವುದರೊಳಗೆ ಪ್ಯಾರಿಸ್ ಒಲಿಂಪಿಕ್ಸಿನ ಫೈನಲ್ ತಲುಪಿದರು. ನೂರು ಗ್ರಾಂ ತೂಕ ಹೆಚ್ಚಾಯಿತು ಅಂತ ಪದಕ ತಪ್ಪಿತು. ಅದು ತೂಕದ ಮಾತು, ಮಂಡಿಯ ಮಾತಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ಖಾಸಗಿ ಆಸ್ಪತ್ರೆಯಲ್ಲಿ ಇದು ಲಕ್ಷ ದಾಟಬಹುದು. ಅಲ್ಲಿಗೆ ಓಡುವ ಮುಂಚೆ ಸರ್ಕಾರಿ ಆಸ್ಪತ್ರೆಗೆ ಹೋಗಿ. 2018ರಿಂದ ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನೋ ಯೋಜನೆ ಇದೆ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಲ್ಲ ಚಿಕಿತ್ಸೆಯೂ ಎಲ್ಲ ಆಸ್ಪತ್ರೆಯಲ್ಲೂ ಸಿಗೋದಿಲ್ಲ. ಪಟ್ಟಿ ಇದೆ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಮಗಳ ಆಧಾರ್, ಮನೆಯ ರೇಷನ್ ಕಾರ್ಡ್ ಹಿಡಿದು ಅವರನ್ನು ಕೇಳಿ. ‘ಮಂಡಿಯ ಲಿಗಮೆಂಟ್ ಆಪರೇಷನ್ ಪಟ್ಟಿಯಲ್ಲಿ ಇದೆಯಾ? ಇಲ್ಲೇ ಮಾಡ್ತೀರಾ, ಬೇರೆ ಕಡೆ ಬರೆದುಕೊಡ್ತೀರಾ?’ ಹೀಗೆ ಕೇಳಿ. ಬೇರೆ ಕಡೆ ಕಳಿಸಿದರೆ ಆ ರೆಫರಲ್ ಚೀಟಿ ಕಳೆಯಬೇಡಿ. ಬೆಂಗಳೂರಿನ ಜಯನಗರದಲ್ಲಿ ಸಂಜಯ ಗಾಂಧಿ ಆಸ್ಪತ್ರೆ ಇದೆ. ಮೂಳೆ, ಕೀಲು, ಅಪಘಾತಕ್ಕೇ ಮೀಸಲಾದ ಸರ್ಕಾರಿ ಸಂಸ್ಥೆ. ವ್ಯಾಯಾಮಕ್ಕೆ ಓಡಾಡುವ ಖರ್ಚನ್ನು ಯಾರೂ ಲೆಕ್ಕ ಹಾಕೋದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ. ತಾಯಿ ಮಗಳು ಇಬ್ಬರೂ ಹೋಗಿ ಬರಬಹುದು.

ಮನೆಗೆ ಬಂದ ಮೇಲೆ ಜ್ವರ ಬಂದರೆ, ಗಾಯ ಕೆಂಪಾಗಿ ಕೀವು ಸೋರಿದರೆ, ಮೀನಖಂಡ ಊದಿ ನೋಯತೊಡಗಿದರೆ, ಅವತ್ತೇ ಆಸ್ಪತ್ರೆಗೆ ಹೋಗಿ. ಏದುಸಿರು ಬಂದರೆ, ಎದೆ ನೋವಾದರೆ 108ಕ್ಕೆ ಫೋನ್ ಮಾಡಿ. ಬೆಳಗಾಗಲಿ ಅಂತ ಕಾಯಬೇಡಿ.

ಇಲ್ಲಿ ಮೂರು ಚೀಟಿ ಬಂದಿವೆ. ನೀವೇ ಬರೆದದ್ದು, ಸಂತೋಷ. ಒಂದರಲ್ಲಿ ‘ಗಾಯದ ಗುರುತು ಕಾಣುತ್ತಾ, ಮದುವೆಗೆ ತೊಂದರೆ ಇಲ್ಲವಾ’ ಅಂತ ಇದೆ. ಮಂಡಿಯ ಮೇಲೆ ಸಣ್ಣ ಸಣ್ಣ ಗುರುತು ಉಳಿಯುತ್ತೆ. ಕುಂಟುವ ಮಂಡಿಗಿಂತ ಈ ಗುರುತು ಮೇಲು. ಹೆರಿಗೆಗೂ ಇದಕ್ಕೂ ಸಂಬಂಧ ಇಲ್ಲ. ಎರಡನೆಯದರಲ್ಲಿ ‘ಒಳಗೆ ಹಾಕಿದ ತಿರುಪು ತೆಗೆಸಬೇಕಾ’ ಅಂತ ಇದೆ. ತೊಂದರೆ ಕೊಡದಿದ್ದರೆ ತೆಗೆಯೋದಿಲ್ಲ, ಅಲ್ಲೇ ಇರುತ್ತೆ.

ಮೂರನೆಯದು ಹಿಂದಿನ ಸಾಲಿನಿಂದ ಬಂದಿದೆ. ‘ನೆಲಕ್ಕೆ ಕೂತು ಉಣ್ಣೋದು, ಬಯಲಿಗೆ ಹೋಗೋದು ಹೇಗೆ?’ ಒಳ್ಳೆಯ ಪ್ರಶ್ನೆ. ಡಾಕ್ಟರು ಇದನ್ನು ತಾವಾಗಿ ಹೇಳದೆ ಇರಬಹುದು. ಕುಕ್ಕರುಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು ಕೆಲವು ತಿಂಗಳು ಬೇಡ. ಎಷ್ಟು ತಿಂಗಳು ಅಂತ ಅವರನ್ನೇ ಕೇಳಿ ಬರೆಸಿಕೊಳ್ಳಿ. ಅಲ್ಲಿಯವರೆಗೆ ಊಟಕ್ಕೆ ಮಣೆ ಬಿಟ್ಟು ಕುರ್ಚಿ. ಕಕ್ಕಸಿಗೆ ನಡುವೆ ತೂತಿರುವ ಪ್ಲಾಸ್ಟಿಕ್ ಕುರ್ಚಿ ಪೇಟೆಯಲ್ಲಿ ಸಿಗುತ್ತೆ. ಅದನ್ನು ಗುಂಡಿಯ ಮೇಲೆ ಇಟ್ಟರೆ ಆಯಿತು. ಕಾಲು ಜಾರದಿರಲಿ ಅಂತ ಕೆಳಗೆ ಗೋಣಿ ತಾಟು ಹಾಸಿ. ಆಪರೇಷನ್‌ಗೆ ಹೋಗುವ ಮುಂಚೆಯೇ ಕುರ್ಚಿ ತಂದಿಡಿ. ಬಂದ ಮೇಲೆ ಹುಡುಕಲು ಹೊತ್ತಿರುವುದಿಲ್ಲ.